ಕತೆಗಳಿಗೆ ವಿಳಾಸ ಹುಡುಕಿಕೊಟ್ಟವರು

ಕಳೆದ ತಿಂಗಳು ಒಂದು ಶನಿವಾರ ಕುಂದಾಪುರದಲ್ಲಿ ಬಸ್ಸಿಳಿದವಳು ಕೋರ್ಟಿನ ಹಿಂದಿನ ಗಲ್ಲಿಗೆ ಹೋದೆ. ಎರಡು ವರ್ಷದಿಂದ ಆ ಕಡೆ ಕಾಲಿಟ್ಟಿರಲಿಲ್ಲ. ಕತೆಗಳನ್ನು ಮೊಬೈಲಿನಲ್ಲೇ ಟೈಪ್ ಮಾಡಿ ನಾನೇ ಕಳಿಸುವುದು ಅಭ್ಯಾಸವಾದ ಮೇಲೆ ಮೊದಲು ಆ ಕೆಲಸ ಮಾಡಿಕೊಡುತ್ತಿದ್ದವರ ಅಂಗಡಿಗೆ ಹೋಗುವ ಕಾರಣ ತಪ್ಪಿಹೋಗಿತ್ತು. ಬರೀ ಮಾತಾಡಿಸಿ ಬರಲಿಕ್ಕೆ ಒಂದು ಕಾರಣ ಬೇಕೇ ಎಂದು ಆಗಾಗ ನನ್ನನ್ನು ನಾನೇ ಬೈದುಕೊಂಡದ್ದಷ್ಟೇ. ಅವತ್ತು ಹೋಗಿ ನೋಡಿದರೆ 'ಡಿ.ಟಿ.ಪಿ., ಜೆರಾಕ್ಸ್, ಲ್ಯಾಮಿನೇಷನ್' ಎಂಬ ಬೋರ್ಡ್ ಇರಲಿಲ್ಲ. ಬಾಗಿಲ ತುಂಬ ಬಣ್ಣಬಣ್ಣದ ಮೊಬೈಲ್ ಕವರುಗಳು ನೇತಾಡುತ್ತಿದ್ದವು.

ಅವರು ಹೋಗಿಬಿಟ್ಟಿದ್ದಾರೆ, ಯಾರೂ ನನಗೆ ತಿಳಿಸಲಿಲ್ಲ ಎಂದೇ ತೀರ್ಮಾನಿಸಿಬಿಟ್ಟೆ. ಮೊಬೈಲ್ ಅಂಗಡಿಯವನೇ ನನ್ನ ಮುಖ ನೋಡಿ ಕೇಳಿದ: "ಟೈಪಿಂಗ್ ಅಮ್ಮನ ಹುಡ್ಕಂಡ್ ಬಂದದ್ದಾ? ಅವ್ರಿಗೆ ಎಂತ ಆಯ್ಲಿಲ್ಲ ಮಾರಾಯ್ರೆ. ಎರಡೂ ಕಣ್ಣಿನ ಆಪರೇಷನ್ ಆಯ್ತ್. ಇನ್ ಸಾಕ್ ಅಂದೇಳಿ ಅಂಗ್ಡಿ ಬಿಟ್ಟ್ ಕೊಟ್ರ್. ಬ್ರಹ್ಮಾವರದಲ್ ತಮ್ಮನ್ ಮನೆಗ್ ಇದ್ರ್, ಲಾಯ್ಕ್ ಇದ್ರ್."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ನಗು ಬಂತು. ಅವನು ಕುಡಿಯಲು ನೀರು ಕೊಟ್ಟ.

ಮರುದಿನವೇ ಬ್ರಹ್ಮಾವರಕ್ಕೆ ಹೋದೆ. ಜಗಲಿಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಬಾಳೆಕಾಯಿ ಹೆಚ್ಚುತ್ತ ಕೂತಿದ್ದರು. ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ನಿನ್ನ್ ಮುಖ ಹೀಂಗಿತ್ತಾ ಹೆಣ್ಣೆ! ನಾನ್ ಇಷ್ಟ್ ವರ್ಷ ಬೇರೆ ಎಂತದೋ ಕಂಡಿದ್ದೆ."

ಸತ್ತವರ ಬಗ್ಗೆ ಬರೆಯುವುದು ಸುಲಭ, ಅವರು ತಿದ್ದುವುದಿಲ್ಲ. ಬದುಕಿರುವಾಗಲೇ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದೆ. "ಬರಿ, ಅದಕ್ಕೆಂತ. ಆರೆ ಹೆಸರ್ ಹಾಕ್ಬೇಡ. ಹೆಸರ್ ಹಾಕಿರೆ ನಾಳಿಂದ ಇಲ್ಲಿಗೂ ಕಾಗ್ದ ಹಿಡ್ಕಂಡ್ ಬತ್ರ್" ಎಂದರು. ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ನಾನು ಅವರನ್ನು ಕರೆಯುತ್ತಿದ್ದದ್ದು 'ಅಕ್ಕ' ಎಂದು.

ಅಕ್ಕ ಬರೆಯುವವರಲ್ಲ. ಅಫಿಡವಿಟ್ಟು, ಬಾಡಿಗೆ ಕರಾರು, ಮದುವೆ ಕರೆಯೋಲೆ, ಯಕ್ಷಗಾನದ ಕರಪತ್ರ ಟೈಪ್ ಮಾಡಿ ಬದುಕಿದವರು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತು, ಮೊದಲು ಯಂತ್ರದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಬಡಿದದ್ದೇ ಬಡಿದದ್ದು. ಆದರೂ ಮರವಂತೆಯಿಂದ ಬಾರ್ಕೂರಿನವರೆಗೆ ಕತೆ ಬರೆಯುವ ನಮ್ಮಂಥ ಹತ್ತಾರು ಮಂದಿ, ಬರೆದದ್ದನ್ನು ಯಾವ ಪತ್ರಿಕೆಗೆ ಕಳಿಸಬೇಕು ಎಂದು ಕೇಳುತ್ತಿದ್ದದ್ದು ಅವರ ಹತ್ತಿರವೇ. ಇದು ಹೇಗೆ ಶುರುವಾಯಿತು ಎಂದು ಒಮ್ಮೆ ಕೇಳಿದ್ದೆ. ಯಾರೋ ವಕೀಲರ ಗುಮಾಸ್ತರು ಒಂದು ಕತೆ ಟೈಪ್ ಮಾಡಿಸಿದರಂತೆ. ಅದು ವಾಪಸ್ ಬಂತು. ಬಂದ ಪ್ರತಿ ಮುದುಡಿತ್ತೆಂದು ಮತ್ತೆ ಟೈಪ್ ಮಾಡಿಸಿದರು. ಮತ್ತೆ ವಾಪಸ್. "ಒಂದೇ ಕತೆ ನಾಕ್ ಸಲ ಬಡ್ದ್ ಬಡ್ದ್ ಬೆರಳ್ ನೋವ್ ಬಂತ್. ಇವ್ರ ಕತೆ ಎಲ್ಲಿಗಾರೂ ಹೋಯ್ಲಿ ಮಾರಾಯ್ತಿ ಅಂದೇಳಿ ನಾನೇ ಜಾಗ ಹುಡ್ಕುಕೆ ಸುರು ಮಾಡ್ದೆ."

ಪಕ್ಕದ ಸಲೂನಿನವರು ಓದಿ ಬಿಟ್ಟ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ತರಿಸಿಕೊಳ್ಳುತ್ತಿದ್ದರು. ಕತೆಯನ್ನು ಆಮೇಲೆ ನೋಡುವುದು. ಮೊದಲು ಕಡೆಯ ಪುಟದ ಸಣ್ಣ ಅಕ್ಷರದ 'ಲೇಖಕರಲ್ಲಿ ವಿನಂತಿ'. ಅದನ್ನು ಹರಿದು ಗೋಡೆಯ ಕ್ಲಿಪ್ಪಿಗೆ ಸಿಕ್ಕಿಸಿಡುತ್ತಿದ್ದರು. ಆಮೇಲೆ ಅಚ್ಚಾದ ಕತೆಯ ಮೇಲೆ ಕೈ ಅಗಲಿಸಿಟ್ಟು ಗೇಣಿನಲ್ಲಿ ಅಳೆಯುವುದು. ಯಾವ ಪತ್ರಿಕೆ ಎಷ್ಟು ಗೇಣಿನ ಕತೆ ಹಾಕುತ್ತದೆ, ಯಾವುದು ಎರಡು ತಿಂಗಳಲ್ಲಿ ಉತ್ತರ ಕೊಡುತ್ತದೆ, ಯಾವುದು ಕೊಡುವುದೇ ಇಲ್ಲ, ಯಾರಿಗೆ ಹಾಸ್ಯ ಬೇಕು, ಯಾರು ಚಿತ್ರ ಬರೆಸುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ.

ನಾನು ಬೈಂದೂರಿನ ಒಂದು ಶಾಲೆಯಲ್ಲಿ ಟೀಚರು. ಮನೆ ಮರವಂತೆ. ಮೀನುಗಾರರ ಮನೆಯ ಮಗಳು. ಅಪ್ಪನ ಬಲೆ, ಅಮ್ಮನ ಮೀನಿನ ಬುಟ್ಟಿ ನನ್ನನ್ನು ಓದಿಸಿದವು. ಬರೆಯಲು ಶುರು ಮಾಡಿದ್ದು ಮೂವತ್ತು ದಾಟಿದ ಮೇಲೆ. ಮೂರು ಪತ್ರಿಕೆಗಳಿಂದ ಉತ್ತರವೇ ಬಾರದ ಒಂದು ಕತೆ ಹಿಡಿದು ಮೊದಲ ಸಲ ಅವರ ಅಂಗಡಿಗೆ ಹೋದೆ. ಕಡಲು ಮನೆಯ ಅಂಗಳದವರೆಗೆ ಬರುವ ಕತೆ. ಹಾಳೆಗಳನ್ನು ಎಣಿಸಿ, ಎಲ್ಲಿಗೆ ಕಳಿಸಿದ್ದೆ ಎಂದು ಕೇಳಿದರು. ಹೇಳಿದೆ.

"ಅವ್ರ್ ಹಾಕುದ್ ಮೂರ್ ಗೇಣ್. ನಿನ್ದ್ ಅಚ್ಚಾದ್ರೆ ಏಳ್ ಗೇಣ್ ಆತ್ತ್. ನಾಕ್ ಗೇಣ್ ತೆಗ್ದ್ ಸಮುದ್ರಕ್ಕೆ ಹಾಕ್."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಮನೆಗೆ ಹೋಗಿ ನಾಲ್ಕು ಗೇಣು ತೆಗೆದೆ. ಕತೆ ಅಚ್ಚಾಯಿತು.

ಕತೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅವರು ಯಾವತ್ತೂ ಹೇಳುತ್ತಿರಲಿಲ್ಲ. ಟೈಪ್ ಮಾಡಿ ಮುಗಿಸಿ "ಹೋತ್ತ್" ಎಂದರೆ ಎಲ್ಲಾದರೂ ಹೋಗುತ್ತದೆ. "ಇದ್ ಹೋತಿಲ್ಲ" ಎಂದರೆ ಇಲ್ಲ. ಸಂಪಾದಕರನ್ನು ಬೈಯುವವರನ್ನು ಕಂಡರೆ ಆಗುತ್ತಿರಲಿಲ್ಲ. "ಅವ್ರ್ ನಿಮ್ಮ ಶತ್ರು ಅಲ್ಲ. ಅವ್ರಿಗೂ ವಾರಕ್ಕೊಂದ್ ಸಲ ಪುಟ ತುಂಬ್ಸ್ಕ್. ತುಂಬುವಂಥದ್ ಕೊಡಿ." ಬಾರ್ಕೂರಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಅವಸರಕ್ಕೆ ಬಿದ್ದು ಒಂದೇ ಕತೆಯನ್ನು ಎರಡು ಪತ್ರಿಕೆಗಳಿಗೆ ಕಳಿಸಿದ್ದರು. ಎರಡರಲ್ಲೂ ಒಂದೇ ವಾರ ಬಂತು! ಅವರು ಎರಡೂ ಸಂಚಿಕೆ ಹಿಡಿದು ಹೆಮ್ಮೆಯಿಂದ ತೋರಿಸಲು ಬಂದರೆ, ಅಕ್ಕ ಕುರ್ಚಿ ಎಳೆದು ಕೂರಿಸಿ ಇಬ್ಬರು ಸಂಪಾದಕರಿಗೂ ಕ್ಷಮಾಪಣೆ ಪತ್ರ ಬರೆಸಿಯೇ ಬಿಟ್ಟದ್ದು. ಅರುವತ್ತೈದರ ಆ ಮನುಷ್ಯ ಶಾಲೆಯ ಮಗುವಿನ ಹಾಗೆ ತಲೆ ತಗ್ಗಿಸಿ ಬರೆಯುತ್ತಿದ್ದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಇವರೂ ಗುಟ್ಟಾಗಿ ಏನೋ ಬರೆಯುತ್ತಿರಬೇಕು, ಯಾವುದೋ ಪೆಟ್ಟಿಗೆಯಲ್ಲಿ ಕತೆಗಳ ಕಟ್ಟು ಇರಬೇಕು ಎಂದು ನಮಗೆಲ್ಲ ಅನುಮಾನವಿತ್ತು. ಮೊನ್ನೆ ಬ್ರಹ್ಮಾವರದಲ್ಲಿ ಧೈರ್ಯ ಮಾಡಿ ಕೇಳಿದೆ. "ಇಲ್ಲ ಮಾರಾಯ್ತಿ! ಬರೀಕ್ ಅಂತ ಒಂದಿನವೂ ಕಾಣ್ಲಿಲ್ಲ. ಎಲ್ಲರೂ ಬರೀತಾ ಕೂಕಂಡ್ರೆ ಓದುದ್ ಯಾರ್?" ಎಂದು ನಕ್ಕರು. ಅದನ್ನು ಕೇಳಿ ನನಗೂ ಏನೋ ಹಗುರವಾಯಿತು.

ಇನ್ನು ನನ್ನ ತಂಗಿಯ ವಿಷಯ. ಅಕ್ಕನ ಬಗ್ಗೆ ಬರೆಯಬೇಕಾದರೆ ಇದನ್ನು ಹೇಳಲೇಬೇಕು. ಹೇಳು ಎಂದು ತಂಗಿಯೂ ಒಪ್ಪಿದ್ದಾಳೆ.

ತಂಗಿಯನ್ನು ಮುಂಬಯಿಗೆ ಕೊಟ್ಟಿದ್ದೆವು. ಏಳು ವರ್ಷದ ಮೇಲೆ ಒಂದು ದಿನ ಮಗಳನ್ನು ಕರೆದುಕೊಂಡು, ಒಂದು ಬ್ಯಾಗು ಹಿಡಿದು, ರೈಲಿನಲ್ಲಿ ಬಂದಿಳಿದಳು. ಗಂಡನ ಮನೆಯಲ್ಲಿ ಅವಳಿಗೆ ಏನೇನಾಯಿತು ಎಂದು ನನ್ನೊಬ್ಬಳ ಹತ್ತಿರ, ಅದೂ ತುಂಡು ತುಂಡಾಗಿ ಹೇಳಿದಳು. ಊರವರಿಗೆ ರಜೆಗೆ ಬಂದದ್ದು ಎಂದಳು. ರಜೆ ಎಂಟು ತಿಂಗಳಾಯಿತು. ಮನೆಯಲ್ಲೇ ರವಕೆ ಹೊಲಿಯುತ್ತಿದ್ದಳು. ರವಕೆ ಕೊಡಲು ಬಂದವರನ್ನೂ ಅಮ್ಮನೇ ಮಾತಾಡಿಸಬೇಕು, ಇವಳು ಒಳಗೇ.

ನಾನು ಅದನ್ನು ಕತೆ ಮಾಡಿದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ, ಉಳಿದದ್ದೆಲ್ಲ ಹಾಗೇ. ಬರೆಯುವಾಗ ಇದು ತಪ್ಪು ಎಂದು ಅನ್ನಿಸಲೇ ಇಲ್ಲ. ಇಷ್ಟು ಚೆನ್ನಾಗಿ ಹಿಂದೆ ಯಾವತ್ತೂ ಬರೆದಿರಲಿಲ್ಲ ಎಂಬ ಸಂಭ್ರಮವೇ ಹೆಚ್ಚಾಗಿತ್ತು. ಅಕ್ಕ ಟೈಪ್ ಮಾಡುತ್ತ ಮಾಡುತ್ತ ಮೂರನೇ ಪುಟದಲ್ಲಿ ನಿಲ್ಲಿಸಿದರು.

"ಇದ್ ಯಾರ ಕತೆ?"

"ಯಾರದ್ದೂ ಅಲ್ಲ ಅಕ್ಕ, ಸುಮ್ನೆ."

"ಈ ಹೆಂಗ್ಸ್ ಅವಸರದಂಗೆ ಮಗಿ ಚಪ್ಲಿ ಒಂದ್ ಕಾಲಿಂದ್ ಮಾತ್ರ ತಕಂಡ್ ಬಂದಳ್ ಅಂತ ಬರ್ದಿದೆ. ಇದ್ ಸುಮ್ನೆ ಹುಟ್ಟೂ ಮಾತಲ್ಲ." ಪೂರ್ತಿ ಟೈಪ್ ಮಾಡಿ ಮುಗಿಸಿ ಹೇಳಿದರು: "ಕತೆ ಹೋತ್ತ್. ದೊಡ್ಡ ಜಾಗಕ್ಕೇ ಹೋತ್ತ್. ಆರೆ ನಾನ್ ಕಳ್ಸುದಿಲ್ಲ. ಮೊದ್ಲ್ ಅವ್ಳಿಗ್ ಓದಿ ಹೇಳ್. ಅವ್ಳ್ ಹೂಂ ಅಂದ್ರೆ ಬಾ."

ಫೈಲು ನನ್ನದು, ಹಾಗಾಗಿ ನನ್ನ ಮೊಬೈಲಿಗೆ ಹಾಕಿಕೊಟ್ಟರು. ನಾನು ಬಸ್ಸಿನಲ್ಲಿ ಕೂತು, ಹೆಮ್ಮಾಡಿ ತಲುಪುವುದರೊಳಗೆ ನನ್ನ ಮೊಬೈಲಿನಿಂದಲೇ ಅದನ್ನು ಒಂದು ವಿಶೇಷಾಂಕಕ್ಕೆ ಕಳಿಸಿಬಿಟ್ಟೆ. ಅವರು ಟೈಪ್ ಮಾಡುವವರು, ಸಾಹಿತ್ಯ ಅವರಿಗೇನು ಗೊತ್ತು ಎಂದುಕೊಂಡೆ. ಹೀಗೆ ಅಂದುಕೊಂಡದ್ದನ್ನೂ ಬರೆಯಬೇಕು.

ಮೂರು ವಾರಕ್ಕೆ ಉತ್ತರ ಬಂತು. ಕತೆ ಸ್ವೀಕೃತವಾಗಿದೆ. ಅಷ್ಟು ದೊಡ್ಡ ಪತ್ರಿಕೆ ನನ್ನ ಕತೆ ತೆಗೆದುಕೊಂಡದ್ದು ಅದೇ ಮೊದಲು. ಎರಡು ದಿನ ಕಾಲು ನೆಲದ ಮೇಲಿರಲಿಲ್ಲ. ಮೂರನೇ ದಿನ ತಂಗಿ ಬಟ್ಟೆ ಕತ್ತರಿಸುತ್ತ ಕೇಳಿದಳು: "ಎಂತ ಅಕ್ಕ, ಭಾರಿ ಖುಷಿಯಂಗ್ ಇದ್ದೆ? ಕತೆ ಬತ್ತಾ? ಬಂದ್ರೆ ನಂಗೇ ಮೊದ್ಲ್ ಕೊಡ್ಕ್ ಹಾಂ. ಎಂತದ್ರ ಬಗ್ಗೆ ಬರ್ದದ್?"

"ಸಮುದ್ರದ ಬಗ್ಗೆ" ಎಂದೆ.

ಎಂಟು ತಿಂಗಳಲ್ಲಿ ಅವಳು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಅವಳ ಮುಖದಲ್ಲಿ ನನ್ನ ಬಗ್ಗೆ ಎಷ್ಟು ಹೆಮ್ಮೆಯಿತ್ತೆಂದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವಳ ಮಗಳ ಬಗ್ಗೆ ಬರೆದಿದ್ದ ಒಂದು ಪ್ಯಾರಾ ಎದುರಿಗೆ ಬಂದು ನಿಂತಿತು. ಆ ಮಗು ಊರಿಗೆ ಬಂದಾಗಿನಿಂದ ದಿನಾ ಹಾಸಿಗೆ ಒದ್ದೆ ಮಾಡಿಕೊಳ್ಳುವ ವಿಷಯ. ಹುಡುಗಿ ನಮ್ಮೂರ ಶಾಲೆಗೇ ಹೋಗುತ್ತಿದ್ದಾಳೆ. ಯಾರಾದರೂ ಓದಿ, ಇದು ಅವಳೇ ಎಂದು ಗುರುತು ಹಿಡಿದರೆ?

ಮರುದಿನ ಶನಿವಾರ. ಬೆಳಗ್ಗಿನ ಶಾಲೆ ಬಿಟ್ಟ ಕೂಡಲೇ ಬೈಂದೂರಿನಿಂದ ನೇರ ಕುಂದಾಪುರಕ್ಕೆ ಬಂದೆ. ಅಕ್ಕನ ಎದುರು ನಿಂತು ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪತ್ರಿಕೆಯ ಕಚೇರಿಗೆ ಫೋನ್ ಹಚ್ಚಿದರು. ಪುಟ ಕಟ್ಟುವವರನ್ನು ಕರೆಯಲು ಹೇಳಿದರು. "ನಾನ್ ಕುಂದಾಪುರದಿಂದ" ಎಂದಷ್ಟೇ ಹೇಳಿದ್ದಕ್ಕೆ ಆ ಕಡೆಯವರಿಗೆ ಗುರುತು ಸಿಕ್ಕಿತು. ಪುಟಗಳು ಸಿದ್ಧವಾಗಿವೆ, ಸಂಜೆ ಅಚ್ಚಿಗೆ ಹೋಗುತ್ತವೆ. ಕತೆ ಬೇಡವಾದರೆ ಐದು ಗಂಟೆಯೊಳಗೆ ಹೇಳಬೇಕು. ತಿದ್ದುವುದಿದ್ದರೂ ಅಷ್ಟರೊಳಗೇ, ಆದರೆ ಒಂದು ಸಾಲೂ ಹೆಚ್ಚು ಕಮ್ಮಿ ಆಗಬಾರದು.

ಗಂಟೆ ಒಂದೂವರೆಯಾಗಿತ್ತು. ಅಫಿಡವಿಟ್ಟಿಗೆ ಕಾಯುತ್ತಿದ್ದವರಿಗೆ "ಸೋಮವಾರ ಬನ್ನಿ" ಎಂದರು. ಹಬ್ಬಕ್ಕೂ ಮುಚ್ಚದ ಅಂಗಡಿಯ ಶಟರು ಎಳೆದು ಬೀಗ ಹಾಕಿದರು.

"ಅಕ್ಕ, ನೀವ್ ಎಂತಕೆ? ಕತೆ ಬ್ಯಾಡ ಅಂದೇಳಿ ಹೇಳ್ವ, ಮುಗೀತಲ್ಲ."

"ಬ್ಯಾಡ ಅಂತ ಹೇಳುದ್ ನೀನಲ್ಲ, ಅವ್ಳ್. ಹೋಪ, ಬಾ."

ಬಸ್ಸು ಹತ್ತಿದೆವು. ಮರವಂತೆಯಲ್ಲಿ ಇಳಿದು ಮನೆಗೆ ಬಂದರೆ ತಂಗಿ ಹೊಲಿಗೆ ಯಂತ್ರದ ಎದುರಿದ್ದಳು. ಹೊರಗಿನವರನ್ನು ಕಂಡು ಎದ್ದು ಒಳಗೆ ಹೋಗಲು ನೋಡಿದಳು. ಅಕ್ಕ ಬಾಗಿಲಲ್ಲೇ ಹೇಳಿದರು: "ಕೂಕೊ ಮಗಾ. ನಾನ್ ಟೈಪ್ ಮಾಡ್ವಳ್. ನಿನ್ನ ಅಕ್ಕ ನಿನ್ ಕತೆ ಬರ್ದಿದ್ಳ್. ಪೇಪರಂಗೆ ಬಪ್ಪುಕಿತ್ತ್. ಈಗ ನಾನ್ ಓದ್ತೆ. ನೀನ್ ಬ್ಯಾಡ ಅಂದ್ರೆ ಬತ್ತಿಲ್ಲ."

ತಂಗಿ ನನ್ನ ಕಡೆ ನೋಡಿದಳು. ಆ ನೋಟವನ್ನು ಎದುರಿಸಲಾಗದೆ ನಾನು ಗೋಡೆ ನೋಡಿದೆ.

ಅಕ್ಕ ಅಂಗಡಿಯಿಂದ ತಂದಿದ್ದ ಪ್ರತಿಯನ್ನು ಓದಿದರು. ಭಾವ ಗೀವ ಇಲ್ಲ, ಕರಾರು ಪತ್ರ ಓದುವ ಹಾಗೆ ನಿಧಾನವಾಗಿ, ಒಂದೇ ಸಮ. ಹಾಗೆ ಓದಿದ್ದೇ ಒಳ್ಳೆಯದಾಯಿತು. ನಾನು ಓದಿದ್ದರೆ ಎರಡನೇ ಪುಟಕ್ಕೇ ನಿಲ್ಲಿಸಿಬಿಡುತ್ತಿದ್ದೆ. ತಂಗಿ ಕೈಯಲ್ಲಿದ್ದ ರವಕೆಯ ತೋಳನ್ನು ಮಡಿಸುತ್ತ ಬಿಡಿಸುತ್ತ ಕೇಳಿದಳು. ಓದಿ ಮುಗಿದ ಮೇಲೆ ಮೊದಲು ನನಗೇ ಹೇಳಿದಳು.

"ಸಮುದ್ರದ ಬಗ್ಗೆ ಅಂದಿದೆಯಲ್ಲ."

"ತಪ್ಪಾಯ್ತ್."

"ನನ್ನತ್ರ ಕೇಂಡಿದ್ರೆ ನಾನ್ ಬ್ಯಾಡ ಅಂತಿದ್ನಾ? ಕೇಂಬುಕೆ ಎಂತ ಆಯಿತ್ತ್ ನಿಂಗೆ?"

ಅವಳು ಅಕ್ಕನ ಕಡೆ ತಿರುಗಿದಳು. "ಅಲ್ಲಿ ಆ ಹೆಂಗ್ಸ್ ರೈಲಂಗೆ ರತ್ನಗಿರಿ ತನ್ಕ ಮರ್ಕ್ತಾ, ಕಣ್ಣೀರ್ ಹಾಕ್ತಾ ಇದ್ದಳ್ ಅಂತ ಇತ್ತಲ್ಲ, ಅದ್ ಸುಳ್ಳ್. ನಾನ್ ಮರ್ಕ್ಲೇ ಇಲ್ಲ. ಹಸುವಾಯಿತ್ತ್. ಎರಡ್ ವಡಾಪಾವ್ ತಿಂದೆ. ಮಗಳಿಗೆ ಅಂತ ತಕಂಡದ್ರಲ್ಲೂ ಅರ್ಧ ನಾನೇ ತಿಂದೆ. ನಾನ್ ಎಷ್ಟ್ ತಿಂತೆ ಅಂತ ಕಾಂಬರ್ ಅಲ್ಲಿ ಯಾರೂ ಇರ್ಲಿಲ್ಲ ಅಲ್ದಾ."

ಅಷ್ಟು ಹೇಳುವಾಗ ಅವಳಿಗೇ ನಗು ಬಂತು. ಊರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಕತೆ ಬರ್ಲಿ" ಎಂದಳು. "ಮಗಳದ್ದೊಂದ್ ಬ್ಯಾಡ. ಅದ್ ಅವ್ಳದ್, ನಂದಲ್ಲ."

ಗಂಟೆ ಮೂರೂಕಾಲು. ಅಕ್ಕ ನನ್ನ ಮೊಬೈಲು ಕಸಿದುಕೊಂಡರು. ಮಗಳ ಪ್ಯಾರಾ ತೆಗೆದರು. ಅದರ ಪದಗಳನ್ನು ಬೆರಳು ಮಡಚಿ ಎಣಿಸಿದರು. ರೈಲಿನ ಅಳು ತೆಗೆಸಿದರು. ಆ ಜಾಗಕ್ಕೆ ವಡಾಪಾವ್ ಬಂತು. ತಂಗಿ ಹೇಳುತ್ತ ಹೋದಳು, ನಾನು ವಾಕ್ಯ ಮಾಡಿದೆ, ಅಕ್ಕ ಒಂದೇ ಬೆರಳಿನಲ್ಲಿ ಕುಟ್ಟಿದರು. ಇಷ್ಟು ಸಣ್ಣ ಗುಂಡಿಗಳನ್ನು ಮಾಡಿದವನಿಗೆ ಬೈಯುವುದು ಬೇರೆ. ಕಡೆಗೆ ಎಣಿಸಿದರೆ ಎರಡು ಪದ ಹೆಚ್ಚಾಗಿತ್ತು. ಎಲ್ಲಿ ತೆಗೆಯುವುದು ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡಿದ್ದಾಗ ತಂಗಿ ಹೇಳಿದಳು:

"ಎರಡ್ ಕಡೆ 'ಪಾಪ' ಅಂತ ಬರ್ದಿದ್ಳ್. ಅದೆರಡೂ ತೆಗೀನಿ."

ಅಕ್ಕ ತಲೆ ಎತ್ತಿ ಅವಳನ್ನು ಒಂದು ಗಳಿಗೆ ನೋಡಿದರು. ಎರಡೂ ಪಾಪಗಳನ್ನು ಅಳಿಸಿದರು. ಐದಕ್ಕೆ ಹತ್ತು ನಿಮಿಷವಿರುವಾಗ ಹೋಯಿತು. "ಸಿಕ್ಕಿತು, ಸರಿಹೊಂದಿತು" ಎಂದು ಉತ್ತರ ಬಂತು.

"ಎಂತಾರೂ ಊಟ ಉಳ್ದಿತ್ತಾ? ಮಧ್ಯಾಹ್ನದಿಂದ ಎಂತ ತಿಂದದ್ದಿಲ್ಲ ಮಾರಾಯ್ತಿ" ಎಂದರು ಅಕ್ಕ. ತಂಗಿ ಅನ್ನ ಮತ್ತು ಬಂಗುಡೆ ಸಾರು ಬಡಿಸಿದಳು. ಅಕ್ಕ ಎರಡು ಸಲ ಹಾಕಿಸಿಕೊಂಡು ಉಂಡರು.

ವಿಶೇಷಾಂಕ ಬಂತು. ಎರಡು ವಾರ ನಾನು ಉಸಿರು ಬಿಗಿ ಹಿಡಿದೇ ಇದ್ದೆ. ಊರಲ್ಲಿ ಓದಿದವರು ಮೂರೋ ನಾಲ್ಕೋ ಮಂದಿ. ಅದರಲ್ಲೊಬ್ಬರು, ಇದು ಗಂಗೊಳ್ಳಿಯಲ್ಲಿ ಯಾರದ್ದೋ ಮನೆಯಲ್ಲಿ ನಡೆದದ್ದಲ್ಲವಾ ಎಂದು ನನ್ನನ್ನೇ ಕೇಳಿದರು. ತಂಗಿ ಮಾತ್ರ ಅದನ್ನು ಎಷ್ಟು ಸಲ ಓದಿದಳೋ! ಆಮೇಲೆ ರವಕೆ ಕೊಡಲು ಬಂದವರ ಅಳತೆಯನ್ನು ಜಗಲಿಗೆ ಬಂದು ತಾನೇ ತೆಗೆದುಕೊಳ್ಳತೊಡಗಿದಳು.

ಒಂದು ತಿಂಗಳು ಕಳೆದಿರಬೇಕು. ನೂಲು, ಗುಂಡಿ ತರಲು ನನ್ನ ಜೊತೆ ಕುಂದಾಪುರಕ್ಕೆ ಬಂದವಳು ಅಕ್ಕನನ್ನು ನೋಡಬೇಕು ಎಂದಳು. ಹೋದೆವು. ಅಂಗಡಿಯಲ್ಲಿ ಇಬ್ಬರು ಗಂಡಸರು ಕಾಯುತ್ತಿದ್ದರು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಮುಂಬಯಿಯ ನಂಬರು. ಅವಳ ಗಂಡನ ಕಡೆಯವರೇ ಎಂದು ನಿಶ್ಚಯಿಸಿದೆ. ಎತ್ತಿದರೆ ಯಾರೋ ವಯಸ್ಸಾದ ಹೆಂಗಸು, ನಮ್ಮದೇ ಮಾತು. ಕತೆಯ ಕೆಳಗೆ ನಂಬರು ಇತ್ತು, ಅದಕ್ಕೇ ಮಾಡಿದೆ ಎಂದರು. ಹೇಳಲೋ ಬೇಡವೋ ಎಂದು ತಡವರಿಸಿ ಕೇಳಿದರು: "ಆ ಹೆಂಗ್ಸ್ ಊರಿಗ್ ಬಂದಳಲ್ಲ ಅಮ್ಮಾ, ಆಮೇಲ್ ಅವ್ಳಿಗೆ ಎಂತ ಆಯ್ತ್? ನನ್ನ ಮಗಳೂ ಒಬ್ಳ್ ಹಾಂಗೇ ಇದ್ಳ್ ಇಲ್ಲಿ. ಬಪ್ಪುಕೆ ಹೆದರ್ತಳ್."

ಫೋನಿನ ಧ್ವನಿ ದೊಡ್ಡದಿತ್ತು, ಎಲ್ಲರಿಗೂ ಕೇಳಿತ್ತು. ಅಕ್ಕನ ಬೆರಳುಗಳು ಕೀಲಿಗಳ ಮೇಲೆ ನಿಂತವು. ತಂಗಿ ಕೈ ಚಾಚಿ ಫೋನು ತೆಗೆದುಕೊಂಡಳು.

"ಹ್ವಾಯ್, ಆ ಕತೆ ಹೆಂಗ್ಸ್ ನಾನೇ" ಎಂದಳು, ಕಾಯುತ್ತಿದ್ದ ಗಂಡಸರ ಎದುರಿಗೇ, ದೊಡ್ಡ ಸ್ವರದಲ್ಲಿ. "ಲಾಯ್ಕ್ ಇದ್ದೆ. ರವ್ಕಿ ಹೊಲೀತೆ. ಮಗಳ್ ಶಾಲಿಗ್ ಹೋತಳ್. ನಿಮ್ಮ ಮಗಳಿಗ್ ಕೊಡಿ ಫೋನ್, ನಾನೇ ಹೇಳ್ತೆ."

ಗಂಡಸರಿಬ್ಬರೂ ಅವಳನ್ನೇ ನೋಡುತ್ತಿದ್ದರು. ಅಕ್ಕ ಅವರ ಕಡೆ ಕುರ್ಚಿ ತಿರುಗಿಸಿದರು.

"ನಿಮ್ದೆಂತ, ಬಾಡ್ಗಿ ಕರಾರಾ? ಇಲ್ಲಿ ಬನ್ನಿ ಕಾಂಬ. ಹೆಸರ್ ಹೇಳಿ."